ಸುವಾರ್ತೆಗೆ ಸ್ವಾಗತ, ಸಂಕೋಲೆಗೆ ವಿರೋಧ: ಕಾಂಗೋ ದೊರೆ ಅಫೊನ್ಸೊ

ಆಫ್ರಿಕಾ ಖಂಡವನ್ನು ಯುರೋಪಿನ ದೇಶಗಳು ಹಂಚಿಕೊಂಡ ಕತೆಯನ್ನು ಹೇಳುವಾಗ ಸಾಮಾನ್ಯವಾಗಿ 1884-85ರ ಬರ್ಲಿನ್ ಸಮ್ಮೇಳನದಿಂದ ಆರಂಭಿಸುತ್ತಾರೆ. ಯುರೋಪಿನ ಪ್ರತಿನಿಧಿಗಳು ಮೇಜಿನ ಸುತ್ತ ಕುಳಿತು, ತಾವು ಕಣ್ಣಾರೆ ನೋಡದ ಊರುಗಳ ಹಂಚಿಕೆಯನ್ನು ಮಾತಾಡಿದ ಸಭೆ ಅದು. ಆದರೆ ಈ ಕತೆಗೆ ನಾಲ್ಕು ಶತಮಾನಗಳಷ್ಟು ಹಿಂದಿನ ಇನ್ನೊಂದು ಅಧ್ಯಾಯವಿದೆ. ಆ ಅಧ್ಯಾಯದ ಮುಖ್ಯ ವ್ಯಕ್ತಿ ಕಾಂಗೋ ರಾಜ್ಯದ ಕ್ರೈಸ್ತ ದೊರೆ ಒಂದನೇ ಅಫೊನ್ಸೊ. ಯುರೋಪಿನವರು ತಂದ ಸುವಾರ್ತೆಯನ್ನು ಮನಸಾರೆ ಸ್ವೀಕರಿಸಿದ ಈತ, ಅದೇ ಹಡಗುಗಳಲ್ಲಿ ಬಂದ ಸಂಕೋಲೆಯನ್ನು ಲಿಖಿತವಾಗಿ ಪ್ರಶ್ನಿಸಿದ. ಯುರೋಪಿನ ದೊರೆಯೊಬ್ಬನಿಗೆ ಆಫ್ರಿಕಾದ ದೊರೆಯೊಬ್ಬ ಬರೆದ ಪ್ರತಿಭಟನೆಯ ಪತ್ರಗಳಲ್ಲಿ ಅಫೊನ್ಸೊನ ಪತ್ರಗಳು ಅತ್ಯಂತ ಹಳೆಯವುಗಳ ಸಾಲಿಗೆ ಸೇರಿವೆ.

ಈ ಬದುಕು ನಮ್ಮ ಕರಾವಳಿಯ ಕಥೊಲಿಕರಿಗೆ ತೀರಾ ಪರಕೀಯವೇನಲ್ಲ. ಅಫೊನ್ಸೊನೊಂದಿಗೆ ಪತ್ರವ್ಯವಹಾರ ನಡೆಸಿದ ಪೋರ್ಚುಗಲ್‌ನ ದೊರೆ ಮನುವೆಲ್‌ನ ಆಳ್ವಿಕೆಯಲ್ಲಿಯೇ, 1510ರಲ್ಲಿ, ಅಲ್ಬುಕರ್ಕ್ ಗೋವೆಯನ್ನು ವಶಪಡಿಸಿಕೊಂಡದ್ದು. ಧರ್ಮಸಭೆಯ ಆಡಳಿತದಲ್ಲಿ ಪೋರ್ಚುಗಲ್ ದೊರೆಗೆ ಅಧಿಕಾರ ಕೊಟ್ಟ ಪದ್ರುವಾದೊ ವ್ಯವಸ್ಥೆ ಕಾಂಗೋದಲ್ಲೂ ಇತ್ತು, ನಮ್ಮ ಕೆನರಾ ತೀರದಲ್ಲೂ ಇತ್ತು. ಆದುದರಿಂದ ಅಲ್ಲಿ ನಡೆದುದನ್ನು ತಿಳಿಯುವುದು ನಮ್ಮದೇ ಚರಿತ್ರೆಯ ಇನ್ನೊಂದು ಪುಟವನ್ನು ಓದಿದಂತೆ.

ಹಡಗುಗಳು ಬರುವ ಮೊದಲು

ಕಾಂಗೋ ಎಂದರೆ ಇಂದಿನ ಅಂಗೋಲಾದ ಉತ್ತರ ಭಾಗ ಹಾಗೂ ಅದಕ್ಕೆ ತಾಗಿದ ಎರಡು ಕಾಂಗೋ ಗಣರಾಜ್ಯಗಳ ಕೆಲವು ಭಾಗಗಳಲ್ಲಿ ಹರಡಿದ್ದ ರಾಜ್ಯ. ಅದರ ರಾಜಧಾನಿ ಎತ್ತರದ ಪ್ರಸ್ಥಭೂಮಿಯ ಮೇಲಿದ್ದ ಎಂಬಾಂಝಾ ಕಾಂಗೋ. ಪ್ರಾಂತ್ಯಗಳು, ಅವುಗಳಿಗೆ ಅಧಿಕಾರಿಗಳು, ಕಪ್ಪಕಾಣಿಕೆ, ನ್ಯಾಯಸ್ಥಾನ ಎಲ್ಲವೂ ಅಲ್ಲಿದ್ದವು. ಲುವಾಂಡಾ ದ್ವೀಪದ ಕಡಲತೀರದಲ್ಲಿ ಸಿಗುತ್ತಿದ್ದ ಝಿಂಬು ಎಂಬ ಸಣ್ಣ ಚಿಪ್ಪುಗಳೇ ಅಲ್ಲಿಯ ನಾಣ್ಯ, ಆ ಚಿಪ್ಪುಗಳ ಮೇಲಿನ ಹಕ್ಕು ದೊರೆಯದು. ಅನಾಗರಿಕ ಜನರಿಗೆ ಯುರೋಪು ನಾಗರಿಕತೆ ಕಲಿಸಿತು ಎಂಬ ಹಳೆಯ ಮಾತು ಇಲ್ಲಿ ನಿಲ್ಲುವುದಿಲ್ಲ.

ಪೋರ್ಚುಗೀಸ್ ನಾವಿಕ ದಿಯೊಗೊ ಕಾಂವ್ 1480ರ ದಶಕದ ಆರಂಭದಲ್ಲಿ ಕಾಂಗೋ ನದಿಯ ಮುಖಕ್ಕೆ ತಲಪಿದ. ಕೆಲವು ಕಾಂಗೋ ಜನರನ್ನು ಪೋರ್ಚುಗಲ್‌ಗೆ ಕರೆದೊಯ್ದು, ಭಾಷೆ ಕಲಿಸಿ, ಮತ್ತೆ ತಂದುಬಿಟ್ಟ. 1491ರಲ್ಲಿ ಧರ್ಮಗುರುಗಳು, ಬಡಗಿಗಳು, ಕಲ್ಲುಕುಟಿಗರು ಸೇರಿದ ದೊಡ್ಡ ತಂಡವೊಂದು ಬಂತು. ಕರಾವಳಿಯ ಸೊಯೊ ಪ್ರಾಂತ್ಯದ ಮುಖ್ಯಸ್ಥ ಮೊದಲು ದೀಕ್ಷಾಸ್ನಾನ ಪಡೆದ. ಆ ಬಳಿಕ ಮೇ ತಿಂಗಳಲ್ಲಿ ದೊರೆ ಝಿಂಗಾ ಆ ಕುವು ಪಡೆದ. ಪೋರ್ಚುಗಲ್ ದೊರೆಯ ಹೆಸರನ್ನೇ ಇಟ್ಟುಕೊಂಡು ಜುವಾಂವ್ ಎನಿಸಿದ. ಅವನ ಮಗ ಎಂವೆಂಬಾ ಆ ಝಿಂಗಾ ಕೂಡ ಆ ವರ್ಷವೇ ದೀಕ್ಷಾಸ್ನಾನ ಪಡೆದು ಅಫೊನ್ಸೊ ಎಂಬ ಹೆಸರು ಹೊತ್ತ. ಆಗ ಅವನು ಸುಂಡಿ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ಯುವಕ.

ತಂದೆಯ ವಿಶ್ವಾಸ ಬಹುಕಾಲ ಬಾಳಲಿಲ್ಲ. ಹಲವು ಪತ್ನಿಯರನ್ನು ಬಿಡಬೇಕೆಂಬ ಕಟ್ಟಳೆ ಅರಮನೆಗೆ ಸರಿಬರಲಿಲ್ಲ, ಏಕೆಂದರೆ ಒಂದೊಂದು ವಿವಾಹವೂ ಒಂದೊಂದು ಮನೆತನದೊಂದಿಗೆ ಮಾಡಿಕೊಂಡ ಒಪ್ಪಂದವಾಗಿತ್ತು. ದೊರೆ ಹಳೆಯ ದಾರಿಗೆ ಮರಳಿದ. ಮಗ ಮಾತ್ರ ತನ್ನ ಪ್ರಾಂತ್ಯದಲ್ಲಿ ಧರ್ಮಗುರುಗಳಿಗೆ ಆಶ್ರಯ ಕೊಟ್ಟು, ಓದುಬರಹ ಕಲಿಯುತ್ತಾ ಉಳಿದ.

ಸಿಂಹಾಸನ ಮತ್ತು ಶಾಲೆ

ತಂದೆ ತೀರಿಕೊಂಡಾಗ ಅಫೊನ್ಸೊನಿಗೂ ಅವನ ಮಲಸಹೋದರನಿಗೂ ಪಟ್ಟಕ್ಕಾಗಿ ಯುದ್ಧವಾಯಿತು. ಕಡಿಮೆ ಸೈನ್ಯವಿದ್ದ ಅಫೊನ್ಸೊ ಗೆದ್ದ. ಯುದ್ಧದ ಹೊತ್ತಿನಲ್ಲಿ ಆಕಾಶದಲ್ಲಿ ಸಂತ ಯಾಕೋಬರು ಕುದುರೆ ಸವಾರರೊಡನೆ ಕಾಣಿಸಿಕೊಂಡರು, ಅದನ್ನು ಕಂಡು ಶತ್ರುಗಳು ಹಿಮ್ಮೆಟ್ಟಿದರು ಎಂದು ಅವನು ಮುಂದೆ ತನ್ನ ಪತ್ರಗಳಲ್ಲಿ ವಿವರಿಸಿದ. ಹೀಗಾಗಿ ಜುಲೈ 25ರ ಸಂತ ಯಾಕೋಬರ ಹಬ್ಬ ಕಾಂಗೋ ರಾಜ್ಯದ ದೊಡ್ಡ ನಾಡಹಬ್ಬವಾಯಿತು.

ಮುಂದಿನ ಮೂವತ್ತಕ್ಕೂ ಹೆಚ್ಚು ವರ್ಷ ಅಫೊನ್ಸೊ ಆಳಿದ. ಇಗರ್ಜಿಗಳನ್ನು ಕಟ್ಟಿಸಿದ. ಅದಕ್ಕಿಂತಲೂ ಹೆಚ್ಚಾಗಿ ಶಾಲೆಗಳನ್ನು ಕಟ್ಟಿಸಿದ. ನೂರಾರು ಹುಡುಗರಿಗೆ ಓದು, ಬರಹ, ವಿಶ್ವಾಸದ ಪಾಠ ಹೇಳಿಕೊಡುವ ಏರ್ಪಾಡಾಯಿತು. ಹೆಣ್ಣುಮಕ್ಕಳಿಗೆ ಕಲಿಸುವ ಹೊಣೆಯನ್ನು ದೊರೆಯ ಸಹೋದರಿ ವಹಿಸಿಕೊಂಡಳು. 1516ರಲ್ಲಿ ರಾಜಧಾನಿಯಲ್ಲಿದ್ದ ಪೋರ್ಚುಗೀಸ್ ಧರ್ಮಗುರು ರುಯಿ ದ ಅಗಿಯಾರ್ ತನ್ನ ದೊರೆಗೆ ಬರೆದ ವರದಿಯಲ್ಲಿ ಅಫೊನ್ಸೊನನ್ನು ಬಹಳ ಹೊಗಳಿದ್ದಾರೆ. ಊಟವನ್ನೂ ಮರೆತು ಪವಿತ್ರ ಗ್ರಂಥಗಳನ್ನು ಓದುತ್ತಾನೆ, ಪುಸ್ತಕದ ಮೇಲೆಯೇ ನಿದ್ದೆ ಹೋಗುತ್ತಾನೆ, ಪೂಜೆಯ ಕೊನೆಯಲ್ಲಿ ಜನರಿಗೆ ತಾನೇ ಬೋಧಿಸುತ್ತಾನೆ ಎಂಬುದು ಆ ವರದಿಯ ಸಾರ.

ಅವನ ಮಗ ಹೆನ್ರಿಕ್ ಚಿಕ್ಕ ವಯಸ್ಸಿನಲ್ಲಿಯೇ ಲಿಸ್ಬನ್‌ಗೆ ಹೋಗಿ ಓದಿದ. 1518ರಲ್ಲಿ ಪೋಪ್ ಹತ್ತನೇ ಲಿಯೊ ಆತನನ್ನು ಯುಟಿಕಾದ ನಾಮಮಾತ್ರ ಬಿಷಪರನ್ನಾಗಿ ನೇಮಿಸಿದರು. 1521ರಲ್ಲಿ ಬಿಷಪ್ ಹೆನ್ರಿಕ್ ತಾಯ್ನಾಡಿಗೆ ಮರಳಿದರು. ಕಾಂಗೋದ ಧರ್ಮಸಭೆ ತನ್ನವರದೇ ಮುಂದಾಳತ್ವದಲ್ಲಿ ಬೆಳೆಯಬೇಕೆಂಬುದು ತಂದೆಯ ಆಸೆಯಾಗಿತ್ತು. ಆದರೆ ಅವರು ಸುಮಾರು ಹತ್ತು ವರ್ಷಗಳಲ್ಲಿ, 1531ರ ಹೊತ್ತಿಗೆ, ತೀರಿಕೊಂಡರು. ಬಳಿಕ ಲ್ಯಾಟಿನ್ ವಿಧಿಯ ಧರ್ಮಪ್ರಾಂತ್ಯವೊಂದರ ಹೊಣೆ ಉಗಾಂಡಾದ ಜೋಸೆಫ್ ಕಿವಾನುಕಾ ಅವರ ಕೈಗೆ ಬಂದದ್ದು 1939ರಲ್ಲಿ. ನಡುವೆ ಉರುಳಿದ್ದು ನಾಲ್ಕು ಶತಮಾನ! ಇಷ್ಟು ದೀರ್ಘ ಅಂತರಕ್ಕೆ ಆಫ್ರಿಕಾದ ಜನರ ವಿಶ್ವಾಸದ ಕೊರತೆ ಕಾರಣವಲ್ಲ. ಬಿಷಪರನ್ನು ಆರಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ನೋಡಿದರೆ ಉತ್ತರ ತಿಳಿಯುತ್ತದೆ.

ಹಡಗಿನಲ್ಲಿ ಬಂದ ಇನ್ನೊಂದು ಸರಕು

1512ರಲ್ಲಿ ದೊರೆ ಮನುವೆಲ್ ತನ್ನ ರಾಯಭಾರಿ ಸಿಮಾಂವ್ ದ ಸಿಲ್ವಾನ ಕೈಯಲ್ಲಿ ಅಫೊನ್ಸೊನಿಗೆ ಒಂದು ದೊಡ್ಡ ಸೂಚನಾಪತ್ರ ಕಳುಹಿಸಿದ. ಅರಮನೆಯ ರೀತಿನೀತಿ, ನ್ಯಾಯದಾನ, ಪದವಿಗಳ ಹೆಸರು ಎಲ್ಲವೂ ಪೋರ್ಚುಗೀಸ್ ಮಾದರಿಯಲ್ಲಿ ಹೇಗಿರಬೇಕು ಎಂಬ ವಿವರ ಅದರಲ್ಲಿತ್ತು. ಖಡ್ಗ ಹಿಡಿದ ಐದು ತೋಳುಗಳಿದ್ದ ರಾಜಲಾಂಛನವೂ ಬಂತು. ಜೊತೆಗೆ, ಹಡಗುಗಳು ಖಾಲಿ ಮರಳಬಾರದು, ಗುಲಾಮರು, ತಾಮ್ರ, ದಂತ ತುಂಬಿಸಿ ಕಳುಹಿಸಬೇಕು ಎಂಬ ಸೂಚನೆಯೂ ಇತ್ತು. ಹೊರಗೆ ಇಬ್ಬರು ದೊರೆಗಳು ಸಹೋದರರೆಂದು ಕರೆದುಕೊಂಡರೂ, ಒಳಗಿನ ಲೆಕ್ಕ ಬೇರೆಯೇ ಆಗಿತ್ತು.

ಕಾಂಗೋ ನದಿಯಿಂದ ವಾಯವ್ಯಕ್ಕೆ ಸಮುದ್ರದಲ್ಲಿರುವ ಸಾವೊ ತೊಮೆ ದ್ವೀಪದಲ್ಲಿ ಪೋರ್ಚುಗೀಸರು ಕಬ್ಬಿನ ತೋಟ ಹಾಕಿದ್ದರು. ಕಬ್ಬಿಗೆ ದುಡಿಯುವ ಕೈಗಳು ಬೇಕು. ಆ ಕೈಗಳನ್ನು ಅವರು ಕಾಂಗೋದಿಂದ ಕೊಂಡರು, ಸಿಗದಿದ್ದಾಗ ಕದ್ದರು. ದ್ವೀಪದ ಅಧಿಪತಿ ಫೆರ್ನಾಂವ್ ದ ಮೆಲೊ ಅಫೊನ್ಸೊನ ಪತ್ರಗಳನ್ನೂ ಕಾಣಿಕೆಗಳನ್ನೂ ನಡುದಾರಿಯಲ್ಲಿ ತಡೆಯುತ್ತಿದ್ದ. ಸುವಾರ್ತೆ ಸಾರಲು ಬಂದ ಕೆಲವು ಧರ್ಮಗುರುಗಳೂ ಸಮುದಾಯ ಜೀವನ ಬಿಟ್ಟು ಬೇರೆ ಬೇರೆ ಮನೆ ಮಾಡಿ, ಗುಲಾಮರನ್ನು ಕೊಂಡು ಮಾರತೊಡಗಿದರು. 1514ರಲ್ಲಿ ಬರೆದ ಪತ್ರದಲ್ಲಿ ಅಫೊನ್ಸೊ ಇದನ್ನು ನೋವಿನಿಂದ ತಿಳಿಸಿದ್ದಾನೆ. ಇವರ ನಡತೆಯಿಂದ ಹೊಸ ವಿಶ್ವಾಸಿಗಳ ಮುಂದೆ ತಾನು ನಗೆಪಾಟಲಿಗೆ ಈಡಾಗುತ್ತಿದ್ದೇನೆ ಎಂಬುದು ಅವನ ದೂರು.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಅಫೊನ್ಸೊ ಕೂಡ ಯುದ್ಧದಲ್ಲಿ ಸೆರೆಸಿಕ್ಕವರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ, ಪೋರ್ಚುಗೀಸರಿಗೆ ಮಾರಿದ್ದ, ಕಾಣಿಕೆಯಾಗಿಯೂ ಕೊಟ್ಟಿದ್ದ. ಆ ಕಾಲದ ಬಹುತೇಕ ದೊರೆಗಳಂತೆ ಅವನು ಗುಲಾಮಗಿರಿಯನ್ನೇ ತಪ್ಪೆಂದು ಕಾಣಲಿಲ್ಲ. ತನ್ನ ರಾಜ್ಯದ ಸ್ವತಂತ್ರ ಪ್ರಜೆಗಳನ್ನು ಹಿಡಿದೊಯ್ಯುವುದು ಅವನ ಸಹನೆಯ ಎಲ್ಲೆ ಮೀರಿತು. ಒಮ್ಮೆ ತೆರೆದ ಬಾಗಿಲನ್ನು ಮುಚ್ಚುವುದು ಎಷ್ಟು ಕಷ್ಟ ಎಂಬುದನ್ನು ಅವನು ತಡವಾಗಿ ಕಂಡುಕೊಂಡ. ಅವನನ್ನು ಸಂತನನ್ನಾಗಿ ಚಿತ್ರಿಸುವ ಅಗತ್ಯ ನಮಗಿಲ್ಲ. ತಪ್ಪಿನಲ್ಲಿ ಪಾಲಿದ್ದ ಮನುಷ್ಯನೊಬ್ಬ ಕಣ್ಣು ತೆರೆದು ಅನ್ಯಾಯವನ್ನು ಹೆಸರಿಸಿದ ಎಂಬುದೇ ದೊಡ್ಡದು.

1526ರ ಪತ್ರಗಳು

1526ರ ಜುಲೈ 6ರಂದು ಅಫೊನ್ಸೊ ಪೋರ್ಚುಗಲ್‌ನ ಹೊಸ ದೊರೆ ಮೂರನೇ ಜುವಾಂವ್‌ಗೆ ಬರೆದ ಪತ್ರ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ವ್ಯಾಪಾರಿಗಳು ದಿನ ಬೆಳಗಾದರೆ ನಾಡಿನ ಮಕ್ಕಳನ್ನು, ಶ್ರೀಮಂತ ಮನೆತನದವರನ್ನು, ದೊರೆಯ ಸ್ವಂತ ನೆಂಟರನ್ನೂ ಹಿಡಿದು ಸಾಗಿಸುತ್ತಿದ್ದಾರೆ. ವಿದೇಶಿ ಸರಕಿನ ಆಸೆಗೆ ಬಿದ್ದ ತನ್ನ ಜನರೂ ಇದರಲ್ಲಿ ಕೈಜೋಡಿಸಿದ್ದಾರೆ. ಹೀಗೇ ಸಾಗಿದರೆ ನಾಡು ಬರಿದಾಗುತ್ತದೆ ಎಂದು ಅವನು ವಿವರಿಸಿದ. ಬಳಿಕ ತನಗೆ ಬೇಕಾದುದೇನು ಎಂಬುದನ್ನು ಸ್ಪಷ್ಟವಾಗಿ ತಿಳಿಸಿದ: ಧರ್ಮಗುರುಗಳು, ಶಾಲೆಗಳಲ್ಲಿ ಕಲಿಸುವ ಕೆಲವರು, ಪೂಜೆಗೆ ಬೇಕಾದ ದ್ರಾಕ್ಷಾರಸ ಮತ್ತು ಹಿಟ್ಟು. ಇಷ್ಟನ್ನು ಬಿಟ್ಟು ಬೇರೆ ಸರಕು ಬೇಡ, ಈ ರಾಜ್ಯದಲ್ಲಿ ಗುಲಾಮರ ವ್ಯಾಪಾರವೂ ಬೇಡ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಬರೆದ. ವ್ಯಾಪಾರವನ್ನು ಪೂರ್ತಿ ನಿಲ್ಲಿಸುವುದು ಸಾಧ್ಯವಾಗದೆ ಹೋಗಿ, ಅದಕ್ಕೆ ಕಡಿವಾಣ ಹಾಕುವ ವ್ಯವಸ್ಥೆ ಮಾಡಿದ್ದ. ಯಾರೇ ಗುಲಾಮರನ್ನು ಕೊಳ್ಳಬೇಕಾದರೂ ಮೊದಲು ಮೂವರು ಅಧಿಕಾರಿಗಳಿಗೆ ತಿಳಿಸಬೇಕು. ಹಿಡಿದವರು ನಿಜವಾಗಿ ಯುದ್ಧಕೈದಿಗಳೋ, ಕದ್ದುತಂದ ಸ್ವತಂತ್ರ ಪ್ರಜೆಗಳೋ ಎಂದು ಅವರು ಪರೀಕ್ಷಿಸಬೇಕು. ಆ ದಿನಗಳಲ್ಲೇ ರೋಗದಿಂದ ಬಳಲುತ್ತಿದ್ದ ತನ್ನ ಜನರಿಗಾಗಿ ವೈದ್ಯರನ್ನೂ ಔಷಧ ತಯಾರಿಸುವವರನ್ನೂ ಕಳುಹಿಸುವಂತೆ ಕೇಳಿಕೊಂಡ.

ಬೇಡಿಕೆಯ ಪಟ್ಟಿಯನ್ನು ಗಮನಿಸಿ: ಗುರುಗಳು, ಶಿಕ್ಷಕರು, ವೈದ್ಯರು. ಆದರೆ ಅತ್ತಲಿಂದ ಬಂದವರಲ್ಲಿ ಹೆಚ್ಚಿನವರು ವ್ಯಾಪಾರಿಗಳು. 1529ರ ಸುಮಾರಿಗೆ ಬಂದ ಉತ್ತರದಲ್ಲಿ, ವ್ಯಾಪಾರ ನಿಂತರೆ ಕಾಂಗೋದ ಹಿರಿಮೆಯೇ ಉಳಿಯದು ಎಂಬ ಧಾಟಿ ಇತ್ತು. ಅಫೊನ್ಸೊ ರೋಮ್‌ನೊಡನೆ ನೇರ ಸಂಬಂಧ ಬೆಳೆಸಲು ಪ್ರಯತ್ನಿಸಿದ, ಪೋಪರಿಗೂ ಬರೆದ. ಆದರೆ ಪದ್ರುವಾದೊ ಅಡ್ಡ ನಿಂತಿತು, ರೋಮ್‌ನ ದಾರಿ ಲಿಸ್ಬನ್ ಮೂಲಕವೇ ಹಾದುಹೋಗಬೇಕಿತ್ತು. 1530ರ ದಶಕದಲ್ಲಿ ಸಾವೊ ತೊಮೆ ಧರ್ಮಪ್ರಾಂತ್ಯವಾದಾಗ ಕಾಂಗೋದ ಧರ್ಮಸಭೆಯನ್ನು ಅದರ ಅಧೀನಕ್ಕೆ ಒಪ್ಪಿಸಲಾಯಿತು. ಗುಲಾಮರ ವ್ಯಾಪಾರದ ಕೇಂದ್ರವಾಗಿದ್ದ ದ್ವೀಪವೇ ಅವರ ಬಿಷಪರ ಪೀಠವಾಯಿತು!

ಕೊನೆಯ ವರ್ಷಗಳು ಇನ್ನೂ ಕಹಿಯಾದವು. ಓದಿಗೆಂದು ಪೋರ್ಚುಗಲ್‌ಗೆ ಕಳುಹಿಸಿದ ಹತ್ತು ಮಂದಿ ಎಳೆಯ ಬಂಧುಗಳು ದಾರಿಯಲ್ಲಿ ಕಾಣೆಯಾಗಿ ಬ್ರೆಜಿಲ್‌ನಲ್ಲಿ ಗುಲಾಮಗಿರಿಗೆ ಬಿದ್ದರು. 1540ರ ಡಿಸೆಂಬರ್‌ನಲ್ಲಿ ಬರೆದ ಪತ್ರದಲ್ಲಿ ಅಫೊನ್ಸೊ ಇನ್ನೊಂದು ಘಟನೆಯನ್ನು ತಿಳಿಸಿದ್ದಾನೆ. ಈಸ್ಟರ್ ಹಬ್ಬದ ದಿನ ಇಗರ್ಜಿಯಲ್ಲಿ ಪೂಜೆ ನಡೆಯುತ್ತಿದ್ದಾಗಲೇ ಕೆಲವು ಪೋರ್ಚುಗೀಸರು ಅವನ ಮೇಲೆ ಗುಂಡು ಹಾರಿಸಿದರು. ಗುಂಡು ಬಟ್ಟೆಯ ಅಂಚನ್ನು ಸೀಳಿ ಹೋಯಿತು. ದೊರೆ ಬದುಕುಳಿದ. ಇಷ್ಟಾದರೂ ಅವನು ತನ್ನ ವಿಶ್ವಾಸವನ್ನು ಬಿಡಲಿಲ್ಲ. ಕ್ರಿಸ್ತನೇ ಬೇರೆ, ಕ್ರಿಸ್ತನ ಹೆಸರು ಹೇಳಿ ಬಂದವರೇ ಬೇರೆ ಎಂಬುದನ್ನು ಅವನು ಅರಿತಿದ್ದ. 1542ರ ಸುಮಾರಿಗೆ ಅಫೊನ್ಸೊ ಕಣ್ಣುಮುಚ್ಚಿದ.

ಅವನ ಬಳಿಕ

ಅಫೊನ್ಸೊ ನೆಟ್ಟ ಬೀಜ ಸಾಯಲಿಲ್ಲ. ಧರ್ಮಗುರುಗಳು ಎಂದೂ ಸಾಕಷ್ಟು ಸಂಖ್ಯೆಯಲ್ಲಿ ಬರಲಿಲ್ಲ. ಹಳ್ಳಿಹಳ್ಳಿಗಳಲ್ಲಿ ವಿಶ್ವಾಸವನ್ನು ಉಳಿಸಿದವರು ಶಾಲೆಗಳಲ್ಲಿ ಕಲಿತ ಸ್ಥಳೀಯ ಧರ್ಮೋಪದೇಶಕರು. ಜನರು ತಮ್ಮದೇ ಕಿಕೊಂಗೊ ಭಾಷೆಯಲ್ಲಿ ದೇವರನ್ನು ಝಾಂಬಿ ಆ ಎಂಪುಂಗು ಎಂದು ಕರೆದು ಪ್ರಾರ್ಥಿಸಿದರು. 1624ರಲ್ಲಿ ಆ ಭಾಷೆಯ ಧರ್ಮೋಪದೇಶ ಪುಸ್ತಕ ಅಚ್ಚಾಯಿತು. 1596ರಲ್ಲಿ ರಾಜಧಾನಿಗೆ ಸ್ವಂತ ಧರ್ಮಪ್ರಾಂತ್ಯ ಸಿಕ್ಕಿತು. 1608ರ ಜನವರಿಯಲ್ಲಿ ಕಾಂಗೋದ ರಾಯಭಾರಿ ಅಂತೋನಿಯೊ ಮನುವೆಲ್ ನೆ ವುಂಡಾ ಕಷ್ಟದ ಪ್ರಯಾಣ ಮುಗಿಸಿ ರೋಮ್ ತಲಪಿದ, ಆದರೆ ಕೆಲವೇ ದಿನಗಳಲ್ಲಿ ಕಾಯಿಲೆಯಿಂದ ಮೃತಪಟ್ಟ. ಸಂತ ಮೇರಿ ಮೇಜರ್ ಮಹಾದೇವಾಲಯದಲ್ಲಿ ಅವನ ಸಮಾಧಿಯಾಯಿತು. 2025ರಲ್ಲಿ ಪೋಪ್ ಫ್ರಾನ್ಸಿಸ್ ಅವರ ದಫನವೂ ಇದೇ ದೇವಾಲಯದಲ್ಲಿ ನಡೆಯಿತು.

ರಾಜ್ಯ ಮಾತ್ರ ಕುಸಿಯುತ್ತಾ ಹೋಯಿತು. 1665ರಲ್ಲಿ ಎಂಬ್ವಿಲಾ ಎಂಬಲ್ಲಿ ನಡೆದ ಯುದ್ಧದಲ್ಲಿ ಪೋರ್ಚುಗೀಸರು ಕಾಂಗೋ ದೊರೆ ಒಂದನೇ ಅಂತೋನಿಯೊನನ್ನು ಕೊಂದರು. ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಹಡಗುಗಳಿಗೆ ಒಟ್ಟು ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಹತ್ತಿಸಲಾಯಿತು ಎಂದು ಇತಿಹಾಸಕಾರರು ಅಂದಾಜಿಸಿದ್ದಾರೆ. ಅವರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನ ಕಾಂಗೋ ಮತ್ತು ಅಂಗೋಲಾದ ತೀರದಿಂದ ಹೋದವರು. ಬರ್ಲಿನ್ ಸಮ್ಮೇಳನದ ಕಾಲಕ್ಕೆ ಕಾಂಗೋ ಜನರ ನೆಲ ಪೋರ್ಚುಗಲ್, ಫ್ರಾನ್ಸ್ ಮತ್ತು ಬೆಲ್ಜಿಯಂ ದೊರೆ ಲಿಯೊಪೋಲ್ಡ್ ನಡುವೆ ಮೂರು ಪಾಲಾಯಿತು.

ಆದರೆ ಜನ ಸುಮ್ಮನಿರಲಿಲ್ಲ. ತೋಟಗಳ ದುಡಿಮೆಗೆ ಬಲವಂತವಾಗಿ ಜನರನ್ನು ಸಾಗಿಸುವುದನ್ನು ವಿರೋಧಿಸಿ 1913ರಲ್ಲಿ ಆಲ್ವರೊ ಬುಟಾ ಎಂಬವನ ಮುಂದಾಳತ್ವದಲ್ಲಿ ಕಾಂಗೋದವರು ದಂಗೆಯೆದ್ದರು. 1960ರಲ್ಲಿ ಎರಡೂ ಕಾಂಗೋಗಳು ಬೆಲ್ಜಿಯಂ ಮತ್ತು ಫ್ರಾನ್ಸ್‌ನಿಂದ ಸ್ವತಂತ್ರವಾದವು. 1961ರಲ್ಲಿ ಅಂಗೋಲಾದಲ್ಲಿ ಸಶಸ್ತ್ರ ಹೋರಾಟ ಆರಂಭವಾಯಿತು. ಉತ್ತರದ ದಂಗೆಯನ್ನು ನಡೆಸಿದ ಸಂಘಟನೆಯ ನಾಯಕ ಹೋಲ್ಡನ್ ರಾಬರ್ಟೊ ಅಫೊನ್ಸೊನ ರಾಜಧಾನಿಯಲ್ಲಿಯೇ ಹುಟ್ಟಿದವನು. ಅದೇ 1961ರ ಡಿಸೆಂಬರ್‌ನಲ್ಲಿ ಗೋವೆ ಪೋರ್ಚುಗೀಸರ ಕೈಯಿಂದ ಬಿಡುಗಡೆ ಹೊಂದಿತು. ಅಂಗೋಲಾ ಇನ್ನೂ ಹದಿನಾಲ್ಕು ವರ್ಷ ರಕ್ತ ಹರಿಸಿ, 1975ರ ನವೆಂಬರ್ 11ರಂದು ಸ್ವಾತಂತ್ರ್ಯ ಪಡೆಯಿತು.

ಧರ್ಮಸಭೆಯ ಆತ್ಮಪರೀಕ್ಷೆ

1450ರ ದಶಕದಲ್ಲಿ ಪೋಪ್ ಐದನೇ ನಿಕೊಲಾಸ್ ಹೊರಡಿಸಿದ ಆಜ್ಞಾಪತ್ರಗಳು ಪೋರ್ಚುಗಲ್ ದೊರೆಗೆ ಆಫ್ರಿಕಾದ ಕ್ರೈಸ್ತೇತರರ ನೆಲ ಗೆಲ್ಲುವ, ಅವರನ್ನು ಗುಲಾಮರನ್ನಾಗಿಸುವ ಅನುಮತಿ ಕೊಟ್ಟಿದ್ದವು. 1537ರಲ್ಲಿ ಪೋಪ್ ಮೂರನೇ ಪೌಲ್ ಅಮೆರಿಕದ ಮೂಲನಿವಾಸಿಗಳ ಮತ್ತು ಮುಂದೆ ಪರಿಚಯವಾಗುವ ಜನಾಂಗಗಳ ಸ್ವಾತಂತ್ರ್ಯವನ್ನು ಕಸಿಯಬಾರದೆಂದು ಸಾರಿದರು. 1839ರಲ್ಲಿ ಹದಿನಾರನೇ ಗ್ರೆಗರಿ ಗುಲಾಮ ವ್ಯಾಪಾರವನ್ನು ಕಟುವಾಗಿ ಖಂಡಿಸಿದರು. 1992ರ ಫೆಬ್ರವರಿಯಲ್ಲಿ ಸಂತ ಎರಡನೇ ಜಾನ್ ಪೌಲ್ ಸೆನೆಗಲ್‌ನ ಗೊರೆ ದ್ವೀಪದಲ್ಲಿ ನಿಂತು ಈ ಪಾಪಕ್ಕೆ ಕ್ಷಮೆ ಕೋರಿದರು. ಅದೇ ವರ್ಷ ಜೂನ್‌ನಲ್ಲಿ ಅಂಗೋಲಾಕ್ಕೆ ಸುವಾರ್ತೆ ಬಂದ 500ನೇ ವರ್ಷಾಚರಣೆಯ ಸಂದರ್ಭದಲ್ಲಿ ಎಂಬಾಂಝಾ ಕಾಂಗೋಗೂ ಹೋದರು. 2023ರ ಮಾರ್ಚ್ 30ರಂದು ವಾತಿಕಾನ್, ಪರರ ನೆಲವನ್ನು ಕಂಡುಹಿಡಿದವನಿಗೆ ಅದರ ಹಕ್ಕು ಎಂಬ ಹಳೆಯ ತತ್ತ್ವವನ್ನು ಅಧಿಕೃತವಾಗಿ ತಿರಸ್ಕರಿಸಿತು. ಅಫೊನ್ಸೊನ ಪತ್ರಕ್ಕೆ ಉತ್ತರ ಬರಲು ಸುಮಾರು ಐನೂರು ವರ್ಷ ಬೇಕಾಯಿತು ಎನ್ನಬಹುದು.

ಎಂಬಾಂಝಾ ಕಾಂಗೋದಲ್ಲಿ ಹಳೆಯ ಪ್ರಧಾನಾಲಯದ ಕಲ್ಲುಗೋಡೆಗಳು ಮಾಡಿಲ್ಲದೆ ನಿಂತಿವೆ. ಸ್ಥಳೀಯರು ಅದನ್ನು ಕುಲುಂಬಿಂಬಿ ಎನ್ನುತ್ತಾರೆ. 2017ರಲ್ಲಿ ಯುನೆಸ್ಕೊ ಆ ನಗರವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ನಮಗೆ ಈ ಬದುಕಿನಿಂದ ಏನು ಪಾಠ? ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಗಳಲ್ಲಿ ಸಿದ್ದಿ ಸಮುದಾಯದವರು ಇದ್ದಾರೆ. ಅವರಲ್ಲಿ ಹಲವರು ಕಥೊಲಿಕರು. ಅವರ ಪೂರ್ವಜರು ಹೆಚ್ಚಾಗಿ ಪೂರ್ವ ಆಫ್ರಿಕಾದವರು. ಅವರಲ್ಲಿ ಬಹಳಷ್ಟು ಮಂದಿಯನ್ನು ಪೋರ್ಚುಗೀಸರ ಹಡಗುಗಳು ಗುಲಾಮರನ್ನಾಗಿ ಗೋವೆಗೆ ತಂದಿದ್ದವು. ಅಫೊನ್ಸೊ ಯಾವ ಅನ್ಯಾಯದ ವಿರುದ್ಧ ಬರೆದನೋ, ಅದೇ ಅನ್ಯಾಯದ ಇನ್ನೊಂದು ಕೊಂಡಿ ನಮ್ಮ ನೆರೆಯಲ್ಲೇ ಇದೆ. ಪೂಜೆಯಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ನಾವು ಆ ಸಹೋದರ ಸಹೋದರಿಯರನ್ನು ಬಣ್ಣದಿಂದ, ಕೂದಲಿನಿಂದ ಗುರುತಿಸುತ್ತೇವೆಯೋ, ದೀಕ್ಷಾಸ್ನಾನದಿಂದ ಗುರುತಿಸುತ್ತೇವೆಯೋ?

ಧರ್ಮೋಪದೇಶಕರು, ವಾಳೆಯ ಗುರಿಕಾರರು, ಕ್ರೈಸ್ತ ಶಿಕ್ಷಣ ನೀಡುವ ಶಿಕ್ಷಕರು ಈ ಕತೆಯನ್ನು ಮಕ್ಕಳಿಗೆ ಹೇಳಿದರೆ ಒಳ್ಳೆಯದು. ಸಾಕಷ್ಟು ಗುರುಗಳಿಲ್ಲದೆ ಕಳೆದ ಹಳ್ಳಿಗಳಲ್ಲಿ ವಿಶ್ವಾಸದ ದೀಪ ಆರದಂತೆ ನೋಡಿಕೊಂಡವರು ಅವರಂಥವರೇ. ಧರ್ಮಸಭೆಯೊಳಗೆ ತಪ್ಪು ಕಂಡಾಗ ಧರ್ಮಸಭೆಯನ್ನು ಬಿಟ್ಟು ಹೋಗದೆ, ತಪ್ಪನ್ನು ಮುಚ್ಚಿಯೂ ಹಾಕದೆ, ಮರ್ಯಾದೆಯಿಂದ ಆದರೆ ಗಟ್ಟಿಯಾಗಿ ಕೇಳುವ ದಾರಿಯೊಂದಿದೆ. ಅದನ್ನು ಐದು ಶತಮಾನಗಳ ಹಿಂದೆ ಆಫ್ರಿಕಾದ ದೊರೆಯೊಬ್ಬ ತೋರಿಸಿಕೊಟ್ಟ.